ಅತ್ತೆಯ ಕಸೂತಿ: ಒಂದು ಸ್ಪಷ್ಟನೆ

ನಮ್ಮ ಸೋದರತ್ತೆ ತೀರಿಕೊಂಡ ಮೇಲೆ ಬಳಗದ ವಾಟ್ಸಾಪಿನಲ್ಲಿ ಹರಿದಾಡುತ್ತಿರುವ ಸಂದೇಶದಲ್ಲಿ ‘ಪೆನ್ಸಿಲಿನಲ್ಲಿ ಚಿತ್ರ ಬರೆದುಕೊಂಡು ಕಸೂತಿ ಹಾಕುತ್ತಿದ್ದರು’ ಎಂದಿದೆ. ಅದು ತಪ್ಪು. ಧಾರವಾಡದ ಕಸೂತಿಗೆ ಗೆರೆ ಎಳೆಯುವುದಿಲ್ಲ. ಬಟ್ಟೆಯ ಎಳೆ ಎಣಿಸಿಯೇ ಹಾಕಬೇಕು, ಗಂಟೂ ಬೀಳಬಾರದು. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕೂ ಬಗೆಯ ಹೊಲಿಗೆ ಅವರಿಗೆ ಬರುತ್ತಿದ್ದವು. ಗವಂತಿಯಲ್ಲಂತೂ ಸೂಜಿ ಹೋದ ದಾರಿಯಲ್ಲೇ ಮರಳಿ ಬಂದು ಬಿಟ್ಟ ಜಾಗ ತುಂಬುತ್ತದೆ, ಎರಡೂ ಮಗ್ಗುಲು ಒಂದೇ. ಅವರ ಇಳಕಲ್ ಸೆರಗಿನ ತುಳಸಿಕಟ್ಟೆಯನ್ನು ತಿರುವಿ ನೋಡಿ, ಗೊತ್ತಾಗುತ್ತದೆ.

‘ದೇವರ ಧ್ಯಾನದಲ್ಲಿ ಮನೆಯವರನ್ನೇ ಮರೆತಿದ್ದರು’ ಎಂಬ ಮಾತೂ ಸುಳ್ಳು. ಬೆಳಗ್ಗೆ ದಾಸರ ಪದ ಗುನುಗುತ್ತಲೇ ತಮ್ಮನಿಗೆ, ಅಂದರೆ ನಮ್ಮಪ್ಪನಿಗೆ, ಬುತ್ತಿ ಕಟ್ಟುತ್ತಿದ್ದರು. ಕೈ ನಡುಗಲು ಶುರುವಾದ ಮೇಲೂ ಅದನ್ನು ಬಿಟ್ಟಿರಲಿಲ್ಲ. ಆ ಸಂದೇಶ ಕಳಿಸಿದವರು ದಯವಿಟ್ಟು ತಿದ್ದಿ ಕಳಿಸಿ.