ಗ್ಯಾಸ್ ಬಾವಿಯ ಕಥೆ ಅಮೆರಿಕದಲ್ಲಿ ಶುರುವಾಗಲಿಲ್ಲ

ಜಗತ್ತಿನ ಮೊದಲ ನೈಸರ್ಗಿಕ ಅನಿಲದ ಬಾವಿ ಯಾವುದು ಅಂತ ಹುಡುಕಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಇದು: ಅಮೆರಿಕದ ನ್ಯೂಯಾರ್ಕ್ ರಾಜ್ಯದ ಫ್ರೆಡೋನಿಯಾ, 1821, ವಿಲಿಯಂ ಹಾರ್ಟ್. ಈ ಉತ್ತರ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹಾರ್ಟ್ ಬಗ್ಗೆ ನನಗೆ ಗೌರವವಿದೆ. ಬಂದೂಕು ಮಾಡುತ್ತಿದ್ದ ಮನುಷ್ಯ. ಊರ ಹೊಳೆಯಲ್ಲಿ ಗುಳ್ಳೆ ಏಳುವುದನ್ನು ಕಂಡು 27 ಅಡಿ ತೋಡಿದ, ಬಂದ ಗ್ಯಾಸನ್ನು ಕೊಳವೆಯಲ್ಲಿ ಹಾಯಿಸಿ ದೀಪ ಉರಿಸಿದ. ದೊಡ್ಡ ಕೆಲಸವೇ. ಆದರೆ ಮೊದಲನೆಯದಲ್ಲ.

ಚೀನಾದ ಸಿಚುವಾನ್‌ಗೆ ಹೋಗೋಣ. ಸಮುದ್ರ ಅಲ್ಲಿಂದ ಬಲು ದೂರ. ಉಪ್ಪು ಬೇಕಾದರೆ ನೆಲದಡಿಯ ಉಪ್ಪುನೀರನ್ನು ಎತ್ತಿ ಕಾಯಿಸಬೇಕು. ಹಾಗೆ ಬಾವಿ ತೋಡುವಾಗ ಕೆಲವು ಕಡೆ ಗ್ಯಾಸ್ ಕೂಡ ಬಂತು. ಅಲ್ಲಿನ ಜನ ಅದರ ಬೆಂಕಿಯಲ್ಲೇ ಉಪ್ಪುನೀರು ಕಾಯಿಸಿದರು. 4ನೇ ಶತಮಾನದಲ್ಲೇ ಚಾಂಗ್ ಚು ಎಂಬ ಇತಿಹಾಸಕಾರ ಇಂಥ ‘ಬೆಂಕಿ ಬಾವಿ’ಯ ಬಗ್ಗೆ ಬರೆದಿದ್ದಾನೆ.

11ನೇ ಶತಮಾನದ ಹೊತ್ತಿಗೆ ಕೊರೆಯುವ ವಿಧಾನವೇ ಬದಲಾಯಿತು. ಆ ಕಾಲದ ಕವಿ ಸು ಶಿ ಇದನ್ನು ಬಿಡಿಸಿ ಹೇಳಿದ್ದಾನೆ. ಬಾವಿಯ ಬಾಯಿ ಬಟ್ಟಲಿನಷ್ಟೇ ಅಗಲ. ದಪ್ಪ ಬಿದಿರಿನ ಗೆಣ್ಣು ಕೊರೆದು, ಒಂದಕ್ಕೊಂದು ಜೋಡಿಸಿ ಒಳಗೆ ಇಳಿಸುತ್ತಿದ್ದರು, ಮೇಲಿನ ಸಿಹಿನೀರು ಒಳಗೆ ನುಗ್ಗದಿರಲಿ ಅಂತ. ಇನ್ನೂ ಸಣ್ಣ ಬಿದಿರಿನ ತಳಕ್ಕೆ ಚರ್ಮದ ತುಂಡು ಕಟ್ಟುತ್ತಿದ್ದರು. ಕೆಳಗಿಳಿಸಿದಾಗ ಚರ್ಮ ತೆರೆದುಕೊಂಡು ಉಪ್ಪುನೀರು ತುಂಬುತ್ತದೆ, ಮೇಲೆತ್ತಿದಾಗ ಮುಚ್ಚಿಕೊಳ್ಳುತ್ತದೆ. ವಾಲ್ವ್ ಅಂದರೆ ಇದೇ ಅಲ್ವಾ! ಇಂದು ಕೊರೆದ ಬಾವಿಗೆ ಕೇಸಿಂಗ್ ಪೈಪ್ ಇಳಿಸುವುದರ ಹಿಂದೆಯೂ ಇರುವುದು ಆ ದಪ್ಪ ಬಿದಿರಿನ ಯೋಚನೆಯೇ.

ಕೊರೆಯುವ ಕೆಲಸ ಮಾತ್ರ ಮೈಮುರಿಯುವಂಥದ್ದು. ನಮ್ಮ ಹಳೆಯ ಏತದ ಮರದ ಮೇಲೆ ಆಳು ನಡೆದಾಡುತ್ತಿದ್ದ ಹಾಗೆ, ಅಲ್ಲಿ ಕೂಲಿಗಳು ಹಲಗೆಯ ಒಂದು ತುದಿಗೆ ಹತ್ತಿ ಇಳಿಯುತ್ತಿದ್ದರು. ಇನ್ನೊಂದು ತುದಿಯಲ್ಲಿ ಬಿದಿರಿನ ಹಗ್ಗಕ್ಕೆ ಕಟ್ಟಿದ ಕಬ್ಬಿಣದ ಉಳಿ ಎದ್ದು ಬಂಡೆಯ ಮೇಲೆ ಬೀಳುತ್ತಿತ್ತು. ಉಳಿ ಮುರಿದು ಒಳಗೆ ಸಿಕ್ಕಿಕೊಂಡರೆ? ಅದನ್ನು ಎತ್ತುವುದಕ್ಕೇ ಬಗೆಬಗೆಯ ಪಾತಾಳಗರಡಿಗಳಿದ್ದವು. ಗೇಣಗಲವೂ ಇಲ್ಲದ ತೂತಿನಲ್ಲಿ, ಕಣ್ಣಿಗೆ ಏನೂ ಕಾಣದ ಆಳದಲ್ಲಿ, ಬರೀ ಕೈಯ ಅಂದಾಜಿನಿಂದ ಮಾಡುವ ಕೆಲಸ. ಈ ಒಂದು ವಿಷಯಕ್ಕೇ ಆ ಜನರಿಗೆ ಕೈ ಮುಗಿಯಬೇಕು ಅನಿಸುತ್ತದೆ.

ಸಿಚುವಾನ್‌ನ ಜಿಗಾಂಗ್ ಊರಿನ ಶೆನ್‌ಹಾಯ್ ಬಾವಿಯನ್ನು 1823ರಲ್ಲಿ ಕೊರೆಯಲು ಶುರು ಮಾಡಿದರು. ಮುಗಿದಾಗ 1835. ಆಳ 1,001 ಮೀಟರ್. ಅಷ್ಟು ಆಳದ ಬಾವಿ ಅಲ್ಲಿಯವರೆಗೆ ಜಗತ್ತಿನಲ್ಲಿ ಬೇರೆಲ್ಲೂ ಇರಲಿಲ್ಲ. ಹಾರ್ಟ್‌ನ 27 ಅಡಿ ಅಂದರೆ ಸುಮಾರು 8 ಮೀಟರ್. ಶೆನ್‌ಹಾಯ್‌ನಿಂದ ಉಪ್ಪುನೀರೂ ಬಂತು, ಗ್ಯಾಸೂ ಬಂತು. ಗ್ಯಾಸನ್ನು ಬಿದಿರಿನ ಕೊಳವೆಗಳಲ್ಲಿ ಒಲೆಗಳಿಗೆ ಹಾಯಿಸಿದರು, ಅದರಲ್ಲಿ ಉಪ್ಪು ಬೇಯಿಸಿದರು.

ಸಿಚುವಾನ್‌ನಲ್ಲಿ ಗ್ಯಾಸನ್ನು ಹೀಗೆ ಕೆಲಸಕ್ಕೆ ಬಳಸಿದರೆ, ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ 1886ರ ನಂತರ ಏನಾಯಿತು ಅಂತ ನೋಡಿ. ಹೇರಳವಾಗಿ ಗ್ಯಾಸ್ ಸಿಕ್ಕಿತು. ಮುಗಿಯುವುದೇ ಇಲ್ಲ ಅಂದುಕೊಂಡು ಊರೂರಲ್ಲಿ ದೊಡ್ಡ ಪಂಜುಗಳನ್ನು ಹಗಲೂ ರಾತ್ರಿ ಸುಮ್ನೆ ಉರಿಯಲು ಬಿಟ್ಟರು. 1891ರಲ್ಲಿ ಅದನ್ನು ತಡೆಯಲು ಕಾನೂನು ಬಂತು. ಹೊಸ ಶತಮಾನ ಶುರುವಾಗಿ ಕೆಲವೇ ವರ್ಷಗಳಲ್ಲಿ ಅಲ್ಲಿನ ಗ್ಯಾಸ್ ಬಹುಮಟ್ಟಿಗೆ ಬರಿದಾಯಿತು. ಹೀಗಿದ್ದೂ ಗ್ಯಾಸ್ ಉದ್ಯಮದ ಇತಿಹಾಸ ಅಂದಾಗ ಅಮೆರಿಕದ ಹೆಸರೇ ಮೊದಲು ಬರುತ್ತದೆ. ಉಪ್ಪಿನ ಕೂಲಿಗಳದ್ದು ‘ಪ್ರಾಚೀನ ಚೀನಾದ ಕುತೂಹಲ’ ಅಂತ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಇದು ಅನ್ಯಾಯ. 1835 ಪ್ರಾಚೀನ ಕಾಲವೇನಲ್ಲ.

ಕ್ವಿಜ್ ನಡೆಸುವವರು, ಪಠ್ಯ ಬರೆಯುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ವಿನಂತಿ. ಫ್ರೆಡೋನಿಯಾವನ್ನು ‘ಅಮೆರಿಕದ ಮೊದಲ ಗ್ಯಾಸ್ ಬಾವಿ’ ಅಂತ ಬರೆಯಿರಿ, ‘ಜಗತ್ತಿನ ಮೊದಲನೆಯದು’ ಅಂತ ಬೇಡ. ಅದರ ಪಕ್ಕದಲ್ಲೇ ಸಿಚುವಾನ್‌ಗೂ ಜಾಗ ಕೊಡಿ. ಶೆನ್‌ಹಾಯ್ ಈಗ ವಸ್ತುಸಂಗ್ರಹಾಲಯವಾಗಿದೆ, ಹೋದವರು ಹಳೆಯ ರೀತಿಯಲ್ಲಿ ಉಪ್ಪು ಬೇಯಿಸುವುದನ್ನು ಕಣ್ಣಾರೆ ನೋಡಬಹುದು.