ಸಹಿ ಹಾಕುವ ಮುಂಚೆ ಬಡ್ಡಿಯ ಲೆಕ್ಕ ಕೇಳಿ

2025ರ ಪಿಯುಸಿ ರಿಸಲ್ಟ್‌ನಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಖುಷಿಯ ವಿಷಯವೇ. ಆದರೆ ರಿಸಲ್ಟ್ ಬಂದ ಮೇಲೆ ನಮ್ಮ ಮನೆಗಳಲ್ಲಿ ಬರೀ ಸೀಟಿನ ಮಾತು. ದುಡ್ಡಿನ ಮಾತು "ಲೋನ್ ಉಂಟಲ್ಲ" ಅನ್ನುವಲ್ಲಿಗೆ ಮುಗಿಯುತ್ತದೆ.

ನಾನು ಉಡುಪಿಯ ಒಂದು ಬ್ಯಾಂಕಿನಲ್ಲಿ ತುಂಬಾ ವರ್ಷ ಎಜುಕೇಶನ್ ಲೋನ್ ನೋಡಿಕೊಂಡವಳು. ಮಲ್ಪೆ ಕಡೆಯ ಒಬ್ಬರು ಮಗಳ ಇಂಜಿನಿಯರಿಂಗ್‌ಗೆ ಸಾಲ ಕೇಳಿ ಬಂದದ್ದು ಈಗಲೂ ಕಣ್ಣ ಮುಂದೆ ಇದೆ. ಮ್ಯಾನೇಜ್‌ಮೆಂಟ್ ಸೀಟು, 10 ಲಕ್ಷ ಬೇಕು. ಏಳೂವರೆ ಲಕ್ಷ ದಾಟಿದ್ದರಿಂದ ಅಡಮಾನ ಕೊಡಬೇಕಿತ್ತು. ಮನೆ ಇರುವ 10 ಸೆಂಟ್ಸ್ ಜಾಗದ ಪತ್ರ ತಂದಿದ್ದರು. "ಕಟ್ಟುವುದು ಕೆಲಸ ಸಿಕ್ಕಿದ ಮೇಲೆ ಅಲ್ವಾ ಮೇಡಂ?" ಅಂದರು. ಹೌದು ಅಂದೆ. ಬಡ್ಡಿ ಮಾತ್ರ ಮೊದಲ ಕಂತು ಕಾಲೇಜಿಗೆ ಹೋದ ದಿನದಿಂದಲೇ ಬೀಳುತ್ತದೆ ಅಂತ ಬಿಡಿಸಿ ಹೇಳಲಿಲ್ಲ. ಫಾರಂನಲ್ಲಿ ಇತ್ತು, ಸಹಿ ಹಾಕಿದರು. ಐದು ವರ್ಷದ ಮೇಲೆ ಆ ಹುಡುಗಿ ಬಂದು "ಸಾಲ ಇಷ್ಟು ಹೇಗಾಯ್ತು?" ಅಂತ ಕೇಳಿದಾಗ ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ.

ಲೆಕ್ಕ ಹಾಕಿ ನೋಡಿ. ವರ್ಷಕ್ಕೆ ಎರಡೂವರೆ ಲಕ್ಷದಂತೆ 4 ವರ್ಷ, ಬಡ್ಡಿ ಶೇ. 10.5 ಅಂತ ಇಟ್ಟುಕೊಳ್ಳಿ. ಓದು ಮುಗಿದು, ಕಂತು ಕಟ್ಟಲು ಶುರು ಮಾಡುವ ಮುಂಚಿನ ಒಂದು ವರ್ಷದ ಬಿಡುವೂ ಕಳೆಯುವಾಗ ಸಾಲ ಹದಿಮೂರೂವರೆ ಲಕ್ಷ ದಾಟಿರುತ್ತದೆ. 10 ವರ್ಷದಲ್ಲಿ ತೀರಿಸಲು ತಿಂಗಳಿಗೆ ಹದಿನೆಂಟು ಸಾವಿರದ ಮೇಲೆ ಬೇಕು. ಬೆಂಗಳೂರಿನಲ್ಲಿ ಮೊದಲ ಸಂಬಳ 25 ಸಾವಿರ ಆದರೆ, ಪಿಜಿ ಬಾಡಿಗೆ, ಊಟ ಎಲ್ಲಿಂದ?

ಓದು ದಂಡ ಅಂತ ನಾನು ಯಾವತ್ತೂ ಹೇಳುವುದಿಲ್ಲ. ನನ್ನ ಅಮ್ಮ ಬೀಡಿ ಕಟ್ಟಿ, ದಿನಾ ಚೂರು ಚೂರು ಪಿಗ್ಮಿ ಉಳಿತಾಯ ಹಾಕಿ ನನ್ನನ್ನು ಬಿ.ಕಾಂ. ಓದಿಸಿದಳು. ಪಿಗ್ಮಿ ಹುಟ್ಟಿದ್ದೇ ಇಲ್ಲಿ, 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯಲ್ಲಿ. ದಿನಕ್ಕೆ ಎರಡಾಣೆ ಇದ್ದರೂ ಮನೆಗೇ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಆ ಬ್ಯಾಂಕ್ ಕಟ್ಟಿದವರಲ್ಲೊಬ್ಬರಾದ ಟಿ.ಎಂ.ಎ. ಪೈ ಅವರೇ 1953ರಲ್ಲಿ ಮಣಿಪಾಲದಲ್ಲಿ ಮೆಡಿಕಲ್ ಕಾಲೇಜು ಶುರು ಮಾಡಿದರು. ನಮ್ಮ ಹಿರಿಯರು ಮೊದಲು ಕೂಡಿಟ್ಟು ಆಮೇಲೆ ಓದಿಸಿದರು. ಈಗಿನ ಫೀಸಿಗೆ ಪಿಗ್ಮಿ ಸಾಲದು, ಒಪ್ಪುತ್ತೇನೆ. ಆದರೆ ಯಾವ ಕಾಲೇಜಾದರೂ ಸರಿ, ಎಷ್ಟಾದರೂ ಸರಿ ಅಂತ ಇರುವ ಒಂದೇ ಮನೆ ಅಡ ಇಡುವುದನ್ನು ನಾನು ಒಪ್ಪುವುದಿಲ್ಲ. ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡಿ, ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ನೇರ ಎರಡನೇ ವರ್ಷದ ಬಿ.ಇ.ಗೆ ಸೇರುವ ದಾರಿಯೂ ಉಂಟು. ಅದನ್ನು ಯಾಕೆ ಕೀಳಾಗಿ ನೋಡಬೇಕು?

ಸಾಲ ಬೇಕೇ ಬೇಕು ಅಂತಾದರೆ, ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋಗಿ. ಮೇಲಿನ ಲೆಕ್ಕದಲ್ಲಿ ಮೊದಲ ವರ್ಷ ತಿಂಗಳಿಗೆ ಸುಮಾರು 2,200 ರೂಪಾಯಿ. ಹಾಗೆ ಕಟ್ಟುವವರಿಗೆ ಬಡ್ಡಿಯಲ್ಲಿ ಶೇ. 1 ರಿಯಾಯಿತಿ ಕೊಡುವ ಬ್ಯಾಂಕುಗಳಿವೆ, ಕೇಳಿ ನೋಡಿ. ಓದು ಮುಗಿಯುವ ದಿನ ಸಾಲ ಎಷ್ಟಾಗಿರುತ್ತದೆ ಅಂತಲೂ ಕೇಳಿ, ಕಾಗದದಲ್ಲಿ ಬರೆಸಿಕೊಳ್ಳಿ. ಆಗ ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಸಾಲ ಅವಳ ಹೆಸರಿನಲ್ಲೂ ಇರುತ್ತದೆ.