ಮೊಣಕಾಲು ಬಗ್ಗಿಸು ಮಾರಾಯ!

ನಾಲ್ಕು ದಿನವಾಯಿತು, ನನ್ನ ಎಡಗಿವಿಯಲ್ಲಿ ಇನ್ನೂ ಅರಬ್ಬಿ ಸಮುದ್ರವಿದೆ. ಕಚೇರಿಯ ಮೀಟಿಂಗಿನಲ್ಲಿ ತಲೆ ಸ್ವಲ್ಪ ವಾಲಿದರೆ ಸಾಕು, ಒಳಗೆ ಗುಳುಗುಳು ಎನ್ನುತ್ತದೆ. ಒಂಟಿ ಕಾಲಿನಲ್ಲಿ ಕುಣಿದದ್ದಾಯಿತು, ತಲೆ ತಟ್ಟಿಕೊಂಡದ್ದಾಯಿತು. ಇದನ್ನಾದರೂ ಸಹಿಸಬಹುದು. ಸಹಿಸಲಾಗದ್ದು, ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಸುತ್ತುತ್ತಿರುವ ಹದಿನಾಲ್ಕು ಸೆಕೆಂಡಿನ ವಿಡಿಯೊ. ಹಾಕಿದವರು ಅಕ್ಕನ ಗಂಡ, ನಮ್ಮ ಭಾವ.

ಭಾವನ ಮನೆ ಮೂಲ್ಕಿಯಲ್ಲಿ. ಅಲ್ಲಿನ ಶಾಂಭವಿ ಹೊಳೆಯಲ್ಲಿ ಈಗ ಹಲಗೆಯ ಮೇಲೆ ನಿಂತು ಹುಟ್ಟು ಹಾಕುವುದನ್ನು ಕಲಿಸುತ್ತಾರೆ. ಸ್ಟ್ಯಾಂಡಪ್ ಪ್ಯಾಡಲ್ ಎಂದು ಹೆಸರು. ಹತ್ತೂವರೆ ಅಡಿಯ ಹಲಗೆ, ನನ್ನ ತಲೆಗಿಂತ ಗೇಣುದ್ದ ಎತ್ತರದ ಹುಟ್ಟು, ದಡದಲ್ಲಿ ತೆಂಗಿನ ಸಾಲು, ಚಾಪೆ ಹಾಸಿದಂತಹ ನೀರು. ಹತ್ತು ನಿಮಿಷಕ್ಕೆ ಎದ್ದು ನಿಂತೆ, ಹದಿನೈದನೆಯ ನಿಮಿಷಕ್ಕೆ ಹವಾಯಿಯವನಾದೆ. (ಹವಾಯಿಯ ವೈಕೀಕಿ ಕಡಲತೀರದ ಹುಡುಗರು, ಅಲೆಯ ಸವಾರಿ ಕಲಿಯುವ ಪ್ರವಾಸಿಗರ ಮೇಲೆ ಕಣ್ಣಿಡಲು ಹೀಗೆ ಹುಟ್ಟು ಹಿಡಿದು ನಿಲ್ಲುತ್ತಿದ್ದರಂತೆ. ಮುಳುಗುವವರನ್ನು ಕಾಯಲು ನಿಂತವರ ಆಟದಲ್ಲಿ ನಾನು ಮುಳುಗಿದೆ.)

ಅಲ್ಲಿಗೇ ನಿಲ್ಲಿಸಿದ್ದರೆ ಕಿವಿ ಒಣಗಿರುತ್ತಿತ್ತು. "ಹೊಳೆಯಲ್ಲಿ ಎಮ್ಮೆಯೂ ನಿಲ್ಲುತ್ತದೆ. ನೀನು ಕಡಲಿಗೆ ಇಳಿ" ಎಂದರು ಭಾವ. ಮರುದಿನ ಸಸಿಹಿತ್ಲು. ಶಾಂಭವಿ, ನಂದಿನಿ ಎರಡೂ ಕಡಲು ಸೇರುವ ಜಾಗ. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಎಂಬ ಅಲೆ ಸವಾರಿಯ ಸ್ಪರ್ಧೆ ನಡೆದದ್ದು ಅಲ್ಲೇ. ಅಂದರೆ ಅಲ್ಲಿನ ಅಲೆಗಳದ್ದು ಸಾಧು ಸ್ವಭಾವವಲ್ಲ. ಅದರಲ್ಲೂ ಮೇ ಕೊನೆ, ಮಳೆಗೆ ಮುಂಚಿನ ಕಡಲು.

ಕಲಿಸುವ ಹುಡುಗ ಹೇಳಿದ್ದು ಮೂರೇ ಮಾತು. ಅಲೆಗೆ ನೇರ ಮುಖ ಕೊಡಿ, ಹಲಗೆ ಅಡ್ಡವಾದರೆ ಮುಗಿಯಿತು. ಬೀಳುವಾಗ ಹಲಗೆಯಿಂದ ದೂರಕ್ಕೆ ಬೀಳಿ. ಹುಟ್ಟು ಬಿಡಬೇಡಿ. ಭಾವ ಹೇಳಿದ್ದು ಒಂದೇ ಮಾತು, ಆದರೆ ನಲವತ್ತು ಸಲ: "ಮೊಣಕಾಲು ಬಗ್ಗಿಸು ಮಾರಾಯ!"

ಭಾವನ ಸ್ವಂತ ಮೊಣಕಾಲುಗಳು ಬಗ್ಗುವುದನ್ನು ಬಿಟ್ಟು ಎರಡು ವರ್ಷವಾಯಿತು. ನೆಲದ ಪಂಕ್ತಿ ಎಂದು ತಿಳಿದರೆ ಮದುವೆಗೇ ಹೋಗುವುದಿಲ್ಲ. ದೇವರಿಗೂ ನಿಂತೇ ಸಾಷ್ಟಾಂಗ. ಆದರೆ ಸಲಹೆಗೆ ಮೊಣಕಾಲು ಯಾಕೆ ಬೇಕು? ತೆಂಗಿನಮರ ಹತ್ತುವವನಿಗೆ ಕೆಳಗಿನಿಂದ "ಎಡಗಾಲು ಮೇಲಿಡು" ಎನ್ನುತ್ತಾರೆ. ಹಲಸು ಕೊಯ್ಯುವ ಅಕ್ಕನಿಗೆ ಕುರ್ಚಿಯಿಂದಲೇ ಕತ್ತಿ ಹಿಡಿಯುವ ಪಾಠ. ಕರೆಂಟಿನ ಕಂಬ ಹತ್ತಿದವನಿಗೂ ಬಿಟ್ಟಿಲ್ಲ. ಇಂಥವರು ದಡದಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೊಬೈಲು ಹಿಡಿದು ನಿಂತಿದ್ದರು.

ಹಲಗೆ ಕಳೆದುಹೋಗಬಾರದೆಂದು ಅದರಿಂದ ನನ್ನ ಕಾಲಿಗೆ ಒಂದು ಹಗ್ಗ ಕಟ್ಟಿರುತ್ತಾರೆ. ಮೊದಲ ಅಲೆಗೇ ಹಲಗೆ ದಡದತ್ತ ಹಾರಿತು, ಹಗ್ಗ ಬಿಗಿಯಿತು, ಹಿಂದೆ ನಾನು. ಕರು ಮೇಯಿಸಲು ಹೊರಟವನನ್ನು ಕರುವೇ ಗದ್ದೆಯುದ್ದಕ್ಕೂ ಎಳೆದುಕೊಂಡು ಹೋದಂತೆ. ಎರಡನೆಯದೂ ಹಾಗೆಯೇ. ಮೂರನೆಯ ಸಲ ಮರಳು ಉಗುಳುತ್ತ ಏಳುವಾಗ, ಕೈರಂಪಣಿ ಬಲೆ ಮಡಚುತ್ತಿದ್ದ ಹಿರಿಯರೊಬ್ಬರು ಬಹಳ ಹೊತ್ತು ನನ್ನನ್ನೇ ನೋಡಿ, "ನಿಮ್ಮ ಹುಟ್ಟೇ ಸರಿಯಿಲ್ಲ" ಎಂದರು.

ರಕ್ತ ಕುದಿಯಿತು. ಬಿದ್ದವನನ್ನು ನೋಡಿ ನಗಲಿ, ಹೆತ್ತವರವರೆಗೆ ಯಾಕೆ ಹೋಗಬೇಕು? ಆಮೇಲೆ ಕೈ ನೋಡಿಕೊಂಡೆ. ಹುಟ್ಟಿನ ಎಲೆ, ಅಂದರೆ ನೀರಿಗಿಳಿಯುವ ಅಗಲ ತುದಿ, ಮುಂದಕ್ಕೆ ಬಾಗಿರಬೇಕು. ನಾನದನ್ನು ಪಾಯಸದ ಸೌಟಿನಂತೆ ನನ್ನ ಕಡೆಗೇ ತಿರುಗಿಸಿ ಹಿಡಿದಿದ್ದೆ.

ತಿರುಗಿಸಿ ಹಿಡಿದೆ. ನಾಲ್ಕನೆಯ ಸಲ ನಿಜವಾಗಿ ನಿಂತೆ. ಒಂದು ಅಲೆ ಕಾಲಡಿಯಲ್ಲಿ ಮೆಲ್ಲಗೆ ದಾಟಿಯೂ ಹೋಯಿತು. ಅಷ್ಟರಲ್ಲಿ ದಡದಿಂದ ನಲವತ್ತನೆಯ ಬಾರಿ ಆ ಮಾತು. ತಡೆಯಲಾಗಲಿಲ್ಲ. ಭಾವನ ಕಡೆಗೆ ತಿರುಗಿದೆ, ನನ್ನ ಜೊತೆ ಹಲಗೆಯೂ ತಿರುಗಿ ಅಡ್ಡವಾಯಿತು. "ಮೊದಲು ನೀವು ಬಗ್" ಎನ್ನುವಷ್ಟರಲ್ಲಿ ತೆರೆದ ಬಾಯಿಗೆ ಅಲೆ ಬಂತು. ಹದಿನಾಲ್ಕು ಸೆಕೆಂಡಿನಲ್ಲಿ ಇರುವುದು ಇದೇ. ನಾನು ಏನು ಹೇಳಲು ಹೊರಟಿದ್ದೆ ಎಂದು ಗುಂಪಿನಲ್ಲಿ ಚರ್ಚೆ ನಡೆದಿದೆ. ಚಿಕ್ಕಮ್ಮನ ಪ್ರಕಾರ ಅದು "ಭಗವಂತಾ".

ಆ ರಾತ್ರಿ ಭಾವ ಮಲಗಿದ ಮೇಲೆ ಅವರ ಮೊಬೈಲು ತೆಗೆದೆ, ಅಳಿಸಿಬಿಡೋಣವೆಂದು. ಅಲ್ಲಿದ್ದ ವಿಡಿಯೊ ಇನ್ನೂ ಉದ್ದವಿತ್ತು. ನಾನು ಮುಳುಗಿದ ಮೇಲೆ ಆಕಾಶ ಓರೆಯಾಗುತ್ತದೆ, ಕೊಡೆ ಉರುಳುತ್ತದೆ, ಮರಳು, ಒದ್ದೆ ಪಂಚೆ, ನೀರೊಳಗೆ ಓಡುತ್ತಿರುವ ಎರಡು ಕಾಲು. ಮೊಣಕಾಲಿನ ಮಾತೇ ಇಲ್ಲ. "ಎಲ್ಲಿ ಅವನು, ಎಲ್ಲಿ ಅವನು" ಎಂಬ ಏದುಸಿರು. ನಾನು ಆರನೆಯ ತರಗತಿಯಲ್ಲಿದ್ದಾಗ ಇದೇ ಮನುಷ್ಯ ಶಾಂಭವಿಯನ್ನು ಈಜಿ ದಾಟಿ ಆಚೆ ದಡದಿಂದ ಕೈಬೀಸಿದ್ದರು. ಗುಂಪಿಗೆ ಹಾಕುವ ಮೊದಲು ಆ ಭಾಗವನ್ನು ಕತ್ತರಿಸಿದ್ದಾರೆ. ಅಳಿಸಲು ಮನಸ್ಸಾಗಲಿಲ್ಲ. ಮೊಬೈಲನ್ನು ದಿಂಬಿನ ಪಕ್ಕದಲ್ಲಿ ಇಟ್ಟು ಬಂದೆ.

ಅದೇ ತಪ್ಪಾಯಿತು. ಈಗಷ್ಟೇ ಗುಂಪಿನಲ್ಲಿ ಮತ್ತೆ ಟಿಂಗ್ ಎಂದಿತು. ಅದೇ ವಿಡಿಯೊ, ಈ ಸಲ ನಿಧಾನಗತಿಯಲ್ಲಿ, ನನ್ನ ಮೊಣಕಾಲಿನ ಸುತ್ತ ಒಂದು ಕೆಂಪು ವೃತ್ತದೊಂದಿಗೆ.